ಪ್ರದರ್ಶನ ಸ್ಪರ್ಧೆಗೆ ತರಕಾರಿ ಬೆಳೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ಗಿಡ ಚೆನ್ನಾಗಿ ಬಂದಾಗ, ಯಾರೋ ನೋಡಿದವರು "ಇದನ್ನ ಸ್ಪರ್ಧೆಗೆ ಇಡಬಾರದಾ?" ಎಂದು ಕೇಳಿದಾಗ ಈ ಹುಚ್ಚು ಹತ್ತಿಕೊಳ್ಳುತ್ತದೆ. ನನಗೂ ಹಾಗೇ ಹತ್ತಿದ್ದು. ಆಮೇಲೆ ಬೇರೆಯವರು ನನ್ನನ್ನು ಕೇಳಿದ, ನಾನು ಬೇರೆಯವರನ್ನು ಕೇಳಿದ ಪ್ರಶ್ನೆಗಳಿವು.

ಅಡುಗೆಗೆ ಬೆಳೆಯುವುದಕ್ಕೂ ಸ್ಪರ್ಧೆಗೆ ಬೆಳೆಯುವುದಕ್ಕೂ ಏನು ವ್ಯತ್ಯಾಸ?

ಅಡುಗೆಗೆ ಬೆಳೆಯುವವರು ಒಟ್ಟು ಎಷ್ಟು ಕಿಲೋ ಬಂತು ಎಂದು ನೋಡುತ್ತಾರೆ. ಸ್ಪರ್ಧೆಗೆ ಬೆಳೆಯುವವರಿಗೆ ಬೇಕಾದದ್ದು ಐದೇ ಐದು ಟೊಮೇಟೊ. ಆ ಐದೂ ಒಂದೇ ದಿನ, ಒಂದೇ ಗಾತ್ರಕ್ಕೆ, ಒಂದೇ ಬಣ್ಣಕ್ಕೆ ಬಂದಿರಬೇಕು. ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರಬೇಕು. ಗಿಡದ ಮೇಲೆ ಅಂಥ ಐದು ಹಣ್ಣು ತಾವಾಗಿ ಸಿಗುವುದು ಅಪರೂಪ. ಅದಕ್ಕೇ ಇಲ್ಲಿ ಎಲ್ಲ ಕೆಲಸವೂ ತಿರುಗುಮುರುಗು: ಮೊದಲು ಪ್ರದರ್ಶನದ ದಿನಾಂಕ, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ದಿನ.

ಎಲ್ಲಕ್ಕಿಂತ ದೊಡ್ಡದನ್ನು ಇಟ್ಟವರೇ ಗೆಲ್ಲುತ್ತಾರಲ್ಲವೇ?

ಹೊಸಬರೆಲ್ಲ ಹೀಗೇ ಅಂದುಕೊಳ್ಳುತ್ತಾರೆ. ತೂಕದ ಸ್ಪರ್ಧೆ ಬೇರೆ, ಗುಣಮಟ್ಟದ ಸ್ಪರ್ಧೆ ಬೇರೆ. ಗುಣಮಟ್ಟದ ವಿಭಾಗದಲ್ಲಿ ಗಾತ್ರವೂ ಒಂದು ಅಂಶ, ಅಷ್ಟೇ. ಆಕಾರ, ಬಣ್ಣ, ತಾಜಾತನ, ಏಕರೂಪತೆ ಎಲ್ಲಕ್ಕೂ ಪಾಲಿದೆ. ನಾಲ್ಕು ಬೀಟ್‌ರೂಟ್ ಕ್ರಿಕೆಟ್ ಚೆಂಡಿನಷ್ಟಿದ್ದು ಐದನೆಯದು ಅದರ ಒಂದೂವರೆಯಷ್ಟು ದೊಡ್ಡದಿದ್ದರೆ, ಆ ದೊಡ್ಡದೇ ಇಡೀ ತಟ್ಟೆಯನ್ನು ಕೆಡಿಸುತ್ತದೆ. ಅದನ್ನು ಮನೆಯಲ್ಲಿ ಬಿಟ್ಟು ಬರುವುದಕ್ಕೆ ಮನಸ್ಸು ಗಟ್ಟಿ ಬೇಕು. ಗೆದ್ದ ತಟ್ಟೆಗಳನ್ನು ಗಮನಿಸಿ ನೋಡಿ: ಬಹಳಷ್ಟು ಸಲ ಮಧ್ಯಮ ಗಾತ್ರದ, ಕಲೆಯಿಲ್ಲದ ತಟ್ಟೆಯೇ ಗೆದ್ದಿರುತ್ತದೆ.

ತೀರ್ಪುಗಾರರು ಅಂಕ ಹೇಗೆ ಕೊಡುತ್ತಾರೆ?

ಈ ಸ್ಪರ್ಧೆಗಳ ನಿಯಮಗಳನ್ನು ಬರೆದಿಟ್ಟು ಹದಕ್ಕೆ ತಂದವರಲ್ಲಿ ಬ್ರಿಟನ್ನಿನವರು ಮುಖ್ಯರು. 1804ರಲ್ಲಿ ಶುರುವಾದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತೀರ್ಪುಗಾರರಿಗೆಂದೇ ಒಂದು ಕೈಪಿಡಿ ಹೊರತರುತ್ತದೆ. 1960ರಲ್ಲಿ ಹುಟ್ಟಿದ ನ್ಯಾಷನಲ್ ವೆಜಿಟೆಬಲ್ ಸೊಸೈಟಿ ತರಕಾರಿಗಳಿಗಾಗಿಯೇ ಇರುವ ಸಂಸ್ಥೆ. ಆ ಪದ್ಧತಿಯಲ್ಲಿ ಎಲ್ಲ ತರಕಾರಿಗೂ ಒಂದೇ ಗರಿಷ್ಠ ಅಂಕವಿಲ್ಲ. ಬೆಳೆಯುವುದು ಎಷ್ಟು ಕಷ್ಟವೋ ಅಷ್ಟು ಅಂಕ. ಆಲೂಗಡ್ಡೆ, ಹೂಕೋಸು, ಬಟಾಣಿ, ದೊಡ್ಡ ಈರುಳ್ಳಿ, ಉದ್ದ ಕ್ಯಾರೆಟ್ಟಿಗೆ 20. ಮಧ್ಯಮ ಗಾತ್ರದ ಟೊಮೇಟೊಗೆ 18. ಎಲೆಕೋಸು, ದುಂಡು ಬೀಟ್‌ರೂಟಿಗೆ 15. ಪುಟ್ಟ ಮೂಲಂಗಿಗೆ 10.

ಒಂದೇ ತರಕಾರಿಯ ವಿಭಾಗದಲ್ಲಿ ಈ ಲೆಕ್ಕದಿಂದ ಯಾರಿಗೂ ಲಾಭನಷ್ಟವಿಲ್ಲ, ಎಲ್ಲರದೂ ಅದೇ ತರಕಾರಿ. ಆದರೆ ಹಲವು ತರಕಾರಿಗಳನ್ನು ಒಟ್ಟಿಗೆ ಜೋಡಿಸುವ 'ಸಂಗ್ರಹ' ವಿಭಾಗದಲ್ಲಿ ಇದೇ ನಿರ್ಣಾಯಕ. ಅತ್ಯುತ್ತಮ ಮೂಲಂಗಿ ಇಟ್ಟರೂ ಅದಕ್ಕೆ ಹತ್ತರ ಮೇಲೆ ಅಂಕ ಬರುವುದಿಲ್ಲ. ಸಾಧಾರಣ ಆಲೂಗಡ್ಡೆ ಹದಿಮೂರು ಹದಿನಾಲ್ಕು ತಂದುಬಿಡುತ್ತದೆ. ಸಂಗ್ರಹಕ್ಕೆ ಇಳಿಯುವವರು 20 ಅಂಕದ ತರಕಾರಿಗಳನ್ನೇ ಹೆಚ್ಚು ಆರಿಸುವುದು ಇದಕ್ಕೇ.

ಇನ್ನೊಂದು ಮಾತು. ತೀರ್ಪುಗಾರರು ಮೇಜಿನ ಬಳಿ ಬಂದು ಅಂದವನ್ನು ಸವಿಯುತ್ತ ನಿಲ್ಲುವುದಿಲ್ಲ, ದೋಷ ಹುಡುಕುತ್ತಾರೆ. ಈರುಳ್ಳಿಯ ಕುತ್ತಿಗೆ ಒತ್ತಿ ನೋಡುತ್ತಾರೆ, ಕ್ಯಾರೆಟ್ಟನ್ನು ಎತ್ತಿ ತಿರುಗಿಸುತ್ತಾರೆ, ಬಟಾಣಿಯ ಕಾಯಿ ಒಂದನ್ನು ಬಿಡಿಸುತ್ತಾರೆ, ಬೀನ್ಸ್ ಮುರಿಯುತ್ತಾರೆ. ಹಾಗಾಗಿ ಕಲೆಯಿರುವ ಮಗ್ಗುಲನ್ನು ಕೆಳಗೆ ಮಾಡಿ ಇಡುವ ಜಾಣತನ ನಡೆಯುವುದಿಲ್ಲ.

ನಿಯಮಪಟ್ಟಿಯನ್ನು ಅಷ್ಟೊಂದು ಓದಬೇಕೇ?

ಗೊಬ್ಬರದ ಚೀಲದ ಮೇಲಿನ ಅಕ್ಷರ ಓದದಿದ್ದರೂ ನಡೆದೀತು, ಇದನ್ನು ಓದಲೇಬೇಕು. "ಟೊಮೇಟೊ, 5" ಎಂದಿದ್ದರೆ ಐದು. ನಾಲ್ಕಲ್ಲ, ಆರಲ್ಲ. ಎಣಿಕೆ ತಪ್ಪಿದ ತಟ್ಟೆಯ ಮೇಲೆ 'ಸೂಚಿಸಿದಂತಿಲ್ಲ' ಎಂಬ ಚೀಟಿ ಬೀಳುತ್ತದೆ. ಆಮೇಲೆ ಅದು ಎಷ್ಟು ಚೆನ್ನಾಗಿದ್ದರೂ ಸ್ಪರ್ಧೆಯಲ್ಲಿ ಇಲ್ಲ. ನನ್ನ ಮೊದಲ ಪ್ರದರ್ಶನದಲ್ಲಿ ಆರು ಟೊಮೇಟೊ ಇಟ್ಟಿದ್ದೆ. ಆರೂ ಚೆನ್ನಾಗಿದ್ದವು, ಒಂದನ್ನು ಬಿಡಲು ಮನಸ್ಸು ಬರಲಿಲ್ಲ. ಪಕ್ಕದ ತಟ್ಟೆ, ನನ್ನದಕ್ಕಿಂತ ಸಪ್ಪೆ ಬಣ್ಣದ್ದು, ಮೊದಲ ಬಹುಮಾನ ಪಡೆಯಿತು. ಮನೆಗೆ ಬರುವವರೆಗೂ ಯಾರೊಂದಿಗೂ ಮಾತಾಡಲಿಲ್ಲ.

ಎಣಿಕೆಯ ಜೊತೆಗೆ ಅಳತೆಯನ್ನೂ ನೋಡಿ. "250 ಗ್ರಾಂ ಮೀರದ ಈರುಳ್ಳಿ" ಎಂದರೆ ತೀರ್ಪುಗಾರರ ಬಳಿ ತಕ್ಕಡಿ ಇರುತ್ತದೆ. ಉಪ್ಪಿನಕಾಯಿಗೆ ಹಾಕುವ ಸಣ್ಣ ಈರುಳ್ಳಿಗೆ 30 ಮಿ.ಮೀ. ಗರಿಷ್ಠ ವ್ಯಾಸವೆಂದಿದ್ದರೆ ಅಷ್ಟೇ ಅಗಲದ ಬಳೆಯೊಂದರ ಮೂಲಕ ತೂರಿಸಿ ನೋಡುತ್ತಾರೆ. ತೂರದಿದ್ದರೆ ಮುಗಿಯಿತು. ತೊಟ್ಟು ಇರಬೇಕೇ ಬೇಡವೇ, ತಟ್ಟೆ ಅವರದೇ ನಮ್ಮದೇ, ಎಷ್ಟು ಗಂಟೆಯೊಳಗೆ ಜೋಡಿಸಿ ಹೊರಬರಬೇಕು, ಎಲ್ಲವೂ ಅದರಲ್ಲೇ ಇರುತ್ತದೆ. ಸ್ಥಳೀಯ ನಿಯಮಪಟ್ಟಿಗೂ ದೊಡ್ಡ ಸಂಸ್ಥೆಯ ಕೈಪಿಡಿಗೂ ಹೊಂದದಿದ್ದರೆ, ನೀವು ಭಾಗವಹಿಸುವ ಪ್ರದರ್ಶನದ ಪಟ್ಟಿಯೇ ಅಂತಿಮ.

"ಮೂರು ಬಗೆ" ಎಂದರೂ "ಮೂರು ತಳಿ" ಎಂದರೂ ಒಂದೇ ಅಲ್ಲವೇ?

ಅಲ್ಲ. ಟೊಮೇಟೊ ಒಂದು ಬಗೆ, ಬದನೆ ಒಂದು ಬಗೆ. ಉದ್ದ ಬದನೆ, ಗುಂಡು ಬದನೆ ಒಂದೇ ಬಗೆಯ ಎರಡು ತಳಿ. "ಮೂರು ಬಗೆಯ ತರಕಾರಿ" ಕೇಳಿದ ಕಡೆ ಕೆಂಪು, ಹಳದಿ, ಹಸಿರು ದಪ್ಪ ಮೆಣಸಿನಕಾಯಿ ಇಟ್ಟರೆ ಅದು ಒಂದೇ ಬಗೆ. ಅನರ್ಹಗೊಂಡ ತಟ್ಟೆಗಳಲ್ಲಿ ಎಣಿಕೆ ತಪ್ಪಿದವು ಬಿಟ್ಟರೆ ಹೆಚ್ಚಿನವು ಇಲ್ಲಿ ಎಡವಿದವೇ.

ಮೊದಲ ಬಾರಿಗೆ ಯಾವುದರಿಂದ ಶುರುಮಾಡಲಿ?

ದುಂಡು ಬೀಟ್‌ರೂಟ್, ಟೊಮೇಟೊ, ಬೀನ್ಸ್, ಸಣ್ಣ ಈರುಳ್ಳಿ. ಇವಕ್ಕೆ ವಿಶೇಷ ಪೀಪಾಯಿ, ಕೊಳವೆ ಏನೂ ಬೇಡ. ಹೂಕೋಸಿನಿಂದ ಶುರುಮಾಡಬೇಡಿ, ಉತ್ಸಾಹವೇ ಇಂಗಿಹೋಗುತ್ತದೆ.

ಐದು ಬೇಕೆಂದರೆ ಎಷ್ಟು ಬೆಳೆಯಬೇಕು?

ನನ್ನ ಲೆಕ್ಕ ಒಂದಕ್ಕೆ ಐದು, ಗಡ್ಡೆಗಳಿಗೆ ಇನ್ನೂ ಹೆಚ್ಚು. ಮೂರು ಕ್ಯಾರೆಟ್ ಬೇಕೆಂದರೆ ಇಪ್ಪತ್ತಕ್ಕೆ ಕಡಿಮೆ ಬೆಳೆಯುವುದಿಲ್ಲ. ಮಣ್ಣಿನೊಳಗೆ ಏನಾಗಿದೆ ಎಂದು ಕೀಳುವವರೆಗೆ ಗೊತ್ತಾಗುವುದಿಲ್ಲ, ಕಿತ್ತ ಮೇಲೆ ವಾಪಸು ನೆಡಲಾಗುವುದಿಲ್ಲ. ಜಾಗ ಚಿಕ್ಕದಾದರೆ ಹತ್ತು ತರಕಾರಿಯನ್ನು ಎರಡೆರಡು ಬೆಳೆಯುವ ಬದಲು ಎರಡು ತರಕಾರಿಯನ್ನು ಹತ್ತತ್ತು ಬೆಳೆಯಿರಿ.

ಆಯ್ಕೆ ಸಸಿಯಲ್ಲೇ ಶುರುವಾಗಬೇಕು. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವಲ್ಲ, ಸಸಿಮಡಿಯಲ್ಲಿ ಅದು ಅಕ್ಷರಶಃ ನಿಜ. ಒಂದೇ ದಿನ ಮೊಳೆತ, ಒಂದೇ ಎತ್ತರದ ಸಸಿಗಳನ್ನು ಆರಿಸಿ. ಹಿಂದೆ ಬಿದ್ದವನ್ನಷ್ಟೇ ಅಲ್ಲ, ಎಲ್ಲರಿಗಿಂತ ಮುಂದೆ ಓಡಿದ್ದನ್ನೂ ಬಿಡಿ. ಅದು ಕೊನೆಗೂ ಯಾವುದರ ಜೊತೆಗೂ ಹೊಂದದೆ ಒಂಟಿಯಾಗಿ ಉಳಿಯುತ್ತದೆ.

ಬಿತ್ತುವ ದಿನವನ್ನು ಹೇಗೆ ಲೆಕ್ಕ ಹಾಕುವುದು?

ಪುಟ್ಟ ಮೂಲಂಗಿಗೆ 25–30 ದಿನ. ದುಂಡು ಬೀಟ್‌ರೂಟಿಗೆ 10–12 ವಾರ. ಆಲೂಗಡ್ಡೆಗೆ ತಳಿ ನೋಡಿಕೊಂಡು 90–120 ದಿನ. ಟೊಮೇಟೊದಲ್ಲಿ ಬಿತ್ತಿದ ದಿನಕ್ಕಿಂತ ಕಾಯಿ ಕಚ್ಚಿದ ದಿನ ಮುಖ್ಯ: ಅಲ್ಲಿಂದ ಹಣ್ಣಾಗಲು ಆರರಿಂದ ಎಂಟು ವಾರ. ಬಟಾಣಿಯಲ್ಲಿ ಹೂ ಬಿಟ್ಟ ಮೇಲೆ ಕಾಯಿ ತುಂಬಲು ಸುಮಾರು ಮೂರು ವಾರ.

ಇವು ಬರೀ ಅಂದಾಜು. ಚಳಿ ಹೆಚ್ಚಿದರೆ ದಿನ ಹಿಗ್ಗುತ್ತವೆ, ಬಿಸಿಲೇರಿದರೆ ಕುಗ್ಗುತ್ತವೆ. ಒಂದೇ ದಿನ ಎಲ್ಲವನ್ನೂ ಬಿತ್ತಿ ಹವಾಮಾನಕ್ಕೆ ಕೈಮುಗಿಯುವ ಬದಲು ಒಂದು ವಾರದ ಅಂತರದಲ್ಲಿ ಮೂರು ಸಲ ಬಿತ್ತಿ. ಟೊಮೇಟೊದ ಪ್ರತಿ ಗೊಂಚಲಿಗೂ ಕಾಯಿ ಕಚ್ಚಿದ ದಿನಾಂಕ ಬರೆದ ಚೀಟಿ ಕಟ್ಟಿ. ಹಳೆಯ ಬೆಳೆಗಾರರಲ್ಲಿ ಗೊಬ್ಬರದ ಗುಟ್ಟು ಹೇಳುವವರು ಸಿಗುತ್ತಾರೆ, ದಿನಾಂಕದ ಪುಸ್ತಕ ತೋರಿಸುವವರು ಸಿಗುವುದಿಲ್ಲ. ಯಾವುದು ಬೆಲೆಬಾಳುವುದು ಎಂದು ಇದರಿಂದಲೇ ತಿಳಿಯಿರಿ.

ಹೆಸರಾಂತ ಪ್ರದರ್ಶನ ತಳಿಗಳ ಬೀಜ ತರಿಸಿದರೆ ಅರ್ಧ ಗೆದ್ದಂತೆಯೇ?

ತಳಿಗೆ ಬೆಲೆ ಇದೆ. ದೊಡ್ಡ ಈರುಳ್ಳಿಗೆ ಕೆಲ್ಸೇ, ದುಂಡು ಬೀಟ್‌ರೂಟಿಗೆ ಪಾಬ್ಲೊ, ಮೊಂಡು ತುದಿಯ ಕ್ಯಾರೆಟ್ಟಿಗೆ ಸ್ವೀಟ್ ಕ್ಯಾಂಡಲ್, ಉದ್ದ ಕ್ಯಾರೆಟ್ಟಿಗೆ ನ್ಯೂ ರೆಡ್ ಇಂಟರ್‌ಮೀಡಿಯೆಟ್, ಆಲೂಗಡ್ಡೆಗೆ ಕೆಸ್ಟ್ರೆಲ್, ಬಟಾಣಿಗೆ ಷೋ ಪರ್ಫೆಕ್ಷನ್ ಎಂಬ ಹೆಸರುಗಳು ಬ್ರಿಟನ್ನಿನ ಮೇಜುಗಳ ಮೇಲೆ ಮತ್ತೆ ಮತ್ತೆ ಕಾಣುತ್ತವೆ. ಸಂಕರ ತಳಿಗಳ ಲಾಭ ಅವುಗಳ ಏಕರೂಪತೆ. ಅದೇ ನಮಗೆ ಬೇಕಾದದ್ದು.

ಆದರೆ ಒಂದು ಎಚ್ಚರ. ಈರುಳ್ಳಿ ಗಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿಕೊಂಡು. ಕೆಲ್ಸೇಯಂಥ ದೀರ್ಘ ಹಗಲಿನ ತಳಿಗೆ 14 ಗಂಟೆ ಅಥವಾ ಅದಕ್ಕೂ ಹೆಚ್ಚಿನ ಬೆಳಕು ಬೇಕು. ಭೂಮಧ್ಯರೇಖೆಯ ಹತ್ತಿರ ಹಗಲು ವರ್ಷವಿಡೀ 12 ಗಂಟೆಯ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ ಇದನ್ನು ನೆಟ್ಟರೆ ಸೊಂಪಾದ ಸೊಪ್ಪು ಬರುತ್ತದೆ, ಗಡ್ಡೆ ಬರುವುದಿಲ್ಲ. ಅಂಥ ಕಡೆ ಅಲ್ಪ ಹಗಲಿನ ತಳಿಯೇ ಗತಿ. ಹೂಕೋಸಿನಲ್ಲೂ ಹೀಗೆಯೇ, ಅಲ್ಲಿ ಹಗಲಿನ ಬದಲು ಉಷ್ಣಾಂಶ. ತಳಿಯ ಹೆಸರಿಗೆ ಮರುಳಾಗುವ ಮುನ್ನ ನೀವಿರುವ ಅಕ್ಷಾಂಶ ನೋಡಿಕೊಳ್ಳಿ.

ಆ ಮಾರುದ್ದದ ನೇರ ಕ್ಯಾರೆಟ್ ಹೇಗೆ ಬೆಳೆಯುತ್ತಾರೆ? ನೆಲದಲ್ಲಿ ನನಗೆ ಕವಲೇ ಬರುತ್ತದೆ.

ನೆಲದಲ್ಲಿ ಬೆಳೆಯುವುದಿಲ್ಲ, ಅದೇ ಗುಟ್ಟು. 200 ಲೀಟರಿನ ಪೀಪಾಯಿಯ ತಳ ತೆಗೆದು ಮರಳು ತುಂಬುತ್ತಾರೆ. ಮರಳನ್ನು ನೆನೆಸಿ, ಹಾರೆ ಊರಿ, ಗರಗರ ತಿರುಗಿಸುತ್ತ ಮೇಲೆ ಅಗಲ ಕೆಳಗೆ ಚೂಪಾಗಿರುವ ಶಂಕುವಿನಾಕಾರದ ಗುಂಡಿ ಮಾಡುತ್ತಾರೆ. ಆಳ ಸುಮಾರು ಮೂರು ಅಡಿ. ಅದಕ್ಕೆ ನುಣ್ಣಗೆ ಜರಡಿ ಹಿಡಿದ ಮಿಶ್ರಣ ಸುರಿದು, ಪ್ರತಿ ಗುಂಡಿಗೆ ಮೂರು ನಾಲ್ಕು ಬೀಜ ಹಾಕಿ, ಕೊನೆಗೆ ಒಂದೇ ಸಸಿ ಉಳಿಸುತ್ತಾರೆ. ಬೇರು ಅಡೆತಡೆಯಿಲ್ಲದ ದಾರಿಯಲ್ಲಿ ಇಳಿಯುತ್ತದೆ. ಮರಳು ಪೋಷಣೆ ಕೊಡುವುದಿಲ್ಲವಾದ್ದರಿಂದ ಪಕ್ಕಬೇರು ಅತ್ತಿತ್ತ ಅಲೆಯುವುದು ಕಡಿಮೆ. ಕೀಳುವಾಗ ಮರಳಿಗೆ ಧಾರಾಳ ನೀರು ಬಿಟ್ಟು ನಿಧಾನಕ್ಕೆ ಎತ್ತಿದರೆ ದಾರದಂಥ ತುದಿಬೇರು ಕೂಡ ಮುರಿಯದೆ ಬರುತ್ತದೆ. ತುದಿ ಮುರಿದರೆ ಅಂಕ ಹೋಗುತ್ತದೆ.

ನೆಲದಲ್ಲಿ ಕವಲೊಡೆಯಲು ಕಾರಣಗಳು ಗೊತ್ತಿರುವವೇ: ಕಲ್ಲು, ಗಟ್ಟಿ ಪದರ, ಹೊಸ ಸಗಣಿ ಗೊಬ್ಬರ, ಕಿತ್ತು ನೆಟ್ಟ ಸಸಿ. ಕ್ಯಾರೆಟ್ಟನ್ನು ಬಿತ್ತಿದ ಜಾಗದಲ್ಲೇ ಬೆಳೆಯಬೇಕು. ಹೆಗಲು, ಅಂದರೆ ಸೊಪ್ಪಿನ ಬುಡದ ಭಾಗ, ಹಸಿರಾಗಿದ್ದರೆ ಅದು ಮಣ್ಣಿನಿಂದ ಮೇಲೆದ್ದು ಬೆಳಕು ಕಂಡಿದೆ. ಸ್ವಲ್ಪ ಮಿಶ್ರಣ ಏರಿಸಿ ಮುಚ್ಚಿಬಿಡಿ. ದೋಷ ಚಿಕ್ಕದು, ಆದರೆ ತೀರ್ಪುಗಾರರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಈರುಳ್ಳಿಯನ್ನು ಯಾವಾಗ ಕೀಳಬೇಕು? ಹೇಗೆ ಒಣಗಿಸಬೇಕು?

ಬೇಕಾದ ಸುತ್ತಳತೆಗೆ ಬಂದ ದಿನ. ಇಲ್ಲಿ ಟೈಲರಿನ ಟೇಪು ಕೈಯಲ್ಲೇ ಇರಬೇಕು. ದೊಡ್ಡದು ಆಗುತ್ತಲೇ ಇರಲಿ ಎಂದು ಬಿಟ್ಟರೆ ಹೊರಸಿಪ್ಪೆ ಸೀಳುತ್ತದೆ. ಐದು ಗಡ್ಡೆಯೂ ಒಂದೇ ಅಳತೆಗೆ ಬರಬೇಕೆಂದರೆ ಐದನ್ನೂ ಒಂದೇ ದಿನ ಕೀಳುವುದಿಲ್ಲ. ಯಾವುದು ಅಳತೆ ಮುಟ್ಟಿತೋ ಅದನ್ನು ಕೀಳುತ್ತ ಹೋಗುತ್ತೇವೆ.

ಕಿತ್ತ ಮೇಲೆ ಸಡಿಲವಾದ ಹೊರಸಿಪ್ಪೆ ಒಂದೆರಡು ತೆಗೆದು, ಒರೆಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಮರದ ಹೊಟ್ಟಿನ ಮೇಲೆ ಕೂರಿಸಿ. ಕೆಲವರು ಟಾಲ್ಕಂ ಪೌಡರ್ ಸವರುತ್ತಾರೆ, ಬಣ್ಣ ಎಲ್ಲ ಕಡೆ ಒಂದೇ ಸಮ ತಿರುಗಲೆಂದು. ಬಿಸಿಲಿಗೆ ಇಟ್ಟರೆ ಒಂದು ಮಗ್ಗುಲು ಸುಟ್ಟ ಹಾಗಾಗುತ್ತದೆ. ಚಿನ್ನದ ಬಣ್ಣ ಬರಲು ಎರಡು ಮೂರು ವಾರ ಬೇಕು, ಅದನ್ನೂ ಹಿಂದಕ್ಕೆ ಎಣಿಸುವಾಗ ಸೇರಿಸಿಕೊಳ್ಳಿ. ಆಮೇಲೆ ಬೇರನ್ನು ತಳಕ್ಕೆ ಸಮನಾಗಿ ಕತ್ತರಿಸಿ, ಕುತ್ತಿಗೆ ಮಡಿಸಿ ರಾಫಿಯಾ ನಾರಿನಿಂದ ಬಿಗಿಯಾಗಿ ಸುತ್ತಿ. ಎಲ್ಲ ಗಡ್ಡೆಯ ಕಟ್ಟೂ ಒಂದೇ ಎತ್ತರದಲ್ಲಿರಲಿ. ಇನ್ನಷ್ಟು ಹೊಳೆಯಲಿ ಎಂದು ಸಿಪ್ಪೆ ಸುಲಿಯುತ್ತ ಹೋದರೆ ಒಳಗಿನ ಹಸಿರು ಕಾಣುತ್ತದೆ, ಅದು ಎದ್ದು ಕಾಣುವ ತಪ್ಪು.

ಆಲೂಗಡ್ಡೆಯ ಚರ್ಮ ಅಷ್ಟು ನಯವಾಗಿ ಹೇಗೆ ಬರುತ್ತದೆ?

ಚೀಲದಲ್ಲಿ ಬೆಳೆಯುವುದರಿಂದ. ಒರಟು ಮಣ್ಣಿನ ಕಣ ಚರ್ಮವನ್ನು ಗೀರುತ್ತದೆ. ಪೀಟ್, ತೆಂಗಿನ ನಾರಿನ ಪುಡಿಯಂಥ ಮೃದು ಮಿಶ್ರಣ ಗೀರುವುದಿಲ್ಲ. ಕಜ್ಜಿಯಂಥ ಹುರುಕು ಬರುವುದು ಸುಣ್ಣ ಹೆಚ್ಚಿದ ಮಣ್ಣಿನಲ್ಲಿ, ಗಡ್ಡೆ ಕಟ್ಟುವ ಹೊತ್ತಿಗೆ ನೀರು ಕಡಿಮೆಯಾದಾಗ. ಆ ಮೂರು ನಾಲ್ಕು ವಾರ ತೇವ ಆರದಂತೆ ನೋಡಿಕೊಂಡರೆ ಮುಕ್ಕಾಲು ಸಮಸ್ಯೆ ಇಲ್ಲ.

ತೊಳೆಯಲು ಬ್ರಷ್ ಬೇಡವೇ ಬೇಡ. ಬಕೆಟ್ಟಿನ ತುಂಬ ನೀರು, ಮೆತ್ತನೆಯ ಸ್ಪಂಜು, ನಿಧಾನ. ಒರೆಸಿ, ಕಾಗದದಲ್ಲಿ ಸುತ್ತಿ, ಕತ್ತಲಲ್ಲಿ ಇಡಿ. ಬೆಳಕಿಗೆ ಹಸಿರಾಗಲು ಇದಕ್ಕೆ ಹೆಚ್ಚು ಹೊತ್ತು ಬೇಡ. ಮೇಜಿನ ಮೇಲೂ ತೀರ್ಪು ಶುರುವಾಗುವವರೆಗೆ ಕಪ್ಪು ಬಟ್ಟೆ ಮುಚ್ಚಿಡುವುದು ರೂಢಿ. ತೆಗೆಯುವುದನ್ನು ಮಾತ್ರ ಮರೆಯಬಾರದು.

ಟೊಮೇಟೊ ಒಡೆಯುತ್ತದೆ, ಹೆಗಲು ಹಳದಿಯಾಗಿಯೇ ಉಳಿಯುತ್ತದೆ, ತುದಿ ಕಪ್ಪಾಗುತ್ತದೆ. ಏನು ಮಾಡಲಿ?

ಮೂರಕ್ಕೂ ಕಾರಣ ಬೇರೆ. ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಸುರಿದಾಗ ಒಳಗಿನ ತಿರುಳು ಉಬ್ಬಿ ಸಿಪ್ಪೆ ಸೀಳುತ್ತದೆ. ಉಷ್ಣಾಂಶ 30 ಡಿಗ್ರಿ ಮೀರಿದರೆ ಕೆಂಪು ಬಣ್ಣದ ಲೈಕೋಪೀನ್ ಸರಿಯಾಗಿ ಕೂಡುವುದಿಲ್ಲ, ಹೆಗಲು ಹಳದಿಯಾಗಿ ಗಟ್ಟಿಯಾಗಿ ಉಳಿಯುತ್ತದೆ. ಸ್ವಲ್ಪ ನೆರಳು ಕೊಡಿ, ಎಲೆಗಳನ್ನು ಅತಿಯಾಗಿ ಕತ್ತರಿಸಬೇಡಿ. ತುದಿ ಕಪ್ಪಾಗುವುದು ಕಾಯಿಗೆ ಸುಣ್ಣದಂಶ ತಲುಪದಿದ್ದಾಗ. ಮಣ್ಣಿನಲ್ಲಿ ಸುಣ್ಣ ಇದ್ದರೂ ನೀರು ಏರುಪೇರಾದರೆ ಅದು ಕಾಯಿಯವರೆಗೆ ಹೋಗುವುದಿಲ್ಲ. ಆದ್ದರಿಂದ ಔಷಧಿ ಅಂಗಡಿಗೆ ಓಡುವ ಮುನ್ನ ನೀರಿನ ಹೊತ್ತು, ಅಳತೆ ಸರಿಮಾಡಿ.

ಬಿಡಿಸುವಾಗ ತೊಟ್ಟಿನ ಗಂಟಿಗಿಂತ ಮೇಲೆ ಕತ್ತರಿಸಿ. ಹಸಿರು ಎಸಳು ತಾಜಾ ಆಗಿ, ನಕ್ಷತ್ರದಂತೆ ಬಿಚ್ಚಿಕೊಂಡಿರಬೇಕು. ಬಾಡಿದ ಎಸಳು ಹಣ್ಣಿನ ವಯಸ್ಸನ್ನು ಹೇಳಿಬಿಡುತ್ತದೆ. ಹಣ್ಣು ಅತಿಯಾಗಿ ಮಾಗುವುದಕ್ಕಿಂತ ಒಂದು ದಿನ ಮುಂಚೆಯೇ ಇರುವುದು ವಾಸಿ, ಸಭಾಂಗಣದ ಸೆಕೆಯಲ್ಲಿ ಮಧ್ಯಾಹ್ನದೊಳಗೆ ಅದೇ ಕೆಂಪೇರುತ್ತದೆ.

ಬಟಾಣಿ ಕಾಯಿಯ ಮೇಲಿನ ಬೂದಿ ಬಣ್ಣವನ್ನು ಒರೆಸಬೇಕೇ?

ಅಯ್ಯೋ, ಮುಟ್ಟಬೇಡಿ! ಆ ಮೇಣದ ಲೇಪವೇ ತಾಜಾತನಕ್ಕೆ ಸಾಕ್ಷಿ. ಒಮ್ಮೆ ಬೆರಳು ತಾಗಿದರೆ ಗುರುತು ಬೀಳುತ್ತದೆ, ಮತ್ತೆ ಬರುವುದಿಲ್ಲ. ಒಂದು ಕೈಯಲ್ಲಿ ತೊಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿಯಿರಿ. ಕಾಯಿಯನ್ನು ಬೆಳಕಿಗೆ ಎದುರು ಹಿಡಿದರೆ ಒಳಗಿನ ಕಾಳು ಎಣಿಸಬಹುದು. ತುದಿಯ ಒಂದೆರಡು ಕಾಳು ತುಂಬಿಲ್ಲದಿದ್ದರೆ ಅದನ್ನು ಬಿಡಿ. ಮೇಣ ಮುಟ್ಟಬಾರದೆಂಬ ಮಾತು ಎಲೆಕೋಸಿಗೂ ಸೌತೆಕಾಯಿಗೂ ಸೇರಿದ್ದು.

ಬೀನ್ಸ್ ಸ್ವಲ್ಪ ಬಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಹಲಗೆಗೆ ಬಿಗಿದು ರಾತ್ರಿಯಿಡೀ ಇಡಿ, ಅಷ್ಟಿಷ್ಟು ನೇರವಾಗುತ್ತದೆ. ಕಾಳು ಉಬ್ಬಿ ಹೊರಗೆ ಕಂಡರೆ ಅದು ಬಲಿತಿದೆ. ಮುರಿದಾಗ ಪಟ್ಟನೆ ಸದ್ದು ಬರಬೇಕು, ನಾರು ಜೋಲಬಾರದು.

ಹೂಕೋಸು ಬಿಳಿಯಾಗಿ ಉಳಿಯುವುದಿಲ್ಲ. ಏಕೆ?

ಬೆಳಕು. ಹೂ ಕಾಣಿಸಿಕೊಂಡ ಕೂಡಲೇ ಅದರದೇ ಎಲೆಗಳನ್ನು ಮುರಿದು ಮೇಲೆ ಮುಚ್ಚಿ. ಕಡಿದ ಮೇಲೂ ತಂಪಾದ ಕತ್ತಲಲ್ಲಿ ಇಡಿ. ಗುಬ್ಬಿಯಷ್ಟು ಹೂ ಬಿಟ್ಟು ನಿಂತುಹೋದರೆ ತಪ್ಪು ಸಸಿಯ ಕಾಲದಲ್ಲೇ ಆಗಿದೆ: ಸಸಿ ತಟ್ಟೆಯಲ್ಲಿ ವಯಸ್ಸಾಗಿದೆ ಅಥವಾ ನೀರು ತಪ್ಪಿ ಬೆಳವಣಿಗೆ ನಿಂತಿದೆ. ಬೇರುಗಂಟು ರೋಗದ ಮಣ್ಣಾಗಿದ್ದರೆ ಸುಣ್ಣ ಬೆರೆಸಿ ಹುಳಿ ತಗ್ಗಿಸಿ, ಜಾಗ ಬದಲಿಸಿ. ಒಂದೇ ವಾರ ಮೂರು ಹೂಕೋಸು ಸಮನಾಗಿ ಬರಿಸುವುದು ಈ ಕಲೆಯಲ್ಲೇ ಕಠಿಣವಾದ ಕೆಲಸವೆಂದು ನನ್ನ ಅಭಿಪ್ರಾಯ. 20 ಅಂಕ ಸುಮ್ಮನೆ ಇಟ್ಟಿಲ್ಲ.

ಯಾವ ಗೊಬ್ಬರ, ಎಷ್ಟು?

ಹೆಚ್ಚಿನವರು ಹೆಚ್ಚಾಗಿ ಹಾಕಿಯೇ ಕೆಡಿಸುತ್ತಾರೆ. ಸಾರಜನಕ ಮಿತಿಮೀರಿದರೆ ಎಲೆ ಸೊಂಪು, ಗಡ್ಡೆ ಮೆತ್ತಗೆ, ಈರುಳ್ಳಿಯ ಕುತ್ತಿಗೆ ಎಮ್ಮೆ ಕೊರಳಿನಷ್ಟು ದಪ್ಪ. ಮೊದಲರ್ಧದಲ್ಲಿ ಬೆಳವಣಿಗೆಗೆ ಸಾರಜನಕ, ಆಮೇಲೆ ಬಣ್ಣಕ್ಕೂ ಗಟ್ಟಿತನಕ್ಕೂ ಪೊಟ್ಯಾಷ್, ಇಷ್ಟು ಅರ್ಥವಾದರೆ ಸಾಕು. ಮಣ್ಣು ಪರೀಕ್ಷೆ ಒಮ್ಮೆ ಮಾಡಿಸಿ, ರಸಸಾರ 6.5ರ ಹತ್ತಿರ ಇದ್ದರೆ ಬಹುತೇಕ ತರಕಾರಿಗೆ ಹಿತ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಲಿ, ಬೇರುತರಕಾರಿಗೆ ಹಿಂದಿನ ಬೆಳೆಗೆ ಹಾಕಿದ್ದೇ ಸಾಕು.

ಒಂದು ಸಣ್ಣ ಹುಳದ ತೂತು ಇದ್ದರೆ ನಡೆಯುತ್ತದೆಯೇ?

ಅಂಕ ಹೋಗುತ್ತದೆ. ಅಡುಗೆಯಲ್ಲಿ ಆ ಭಾಗ ಹೆಚ್ಚಿ ಬಿಸಾಡುತ್ತೇವೆ, ಮೇಜಿನ ಮೇಲೆ ಆಗುವುದಿಲ್ಲ. ಸಣ್ಣ ಕಣ್ಣಿನ ಬಲೆಯನ್ನು ಮೊದಲ ದಿನದಿಂದಲೇ ಮುಚ್ಚುವುದು ನನಗೆ ಯಾವ ಸಿಂಪಡಣೆಗಿಂತಲೂ ಒಗ್ಗಿದೆ. ಸಿಂಪಡಿಸಿದರೆ ಎಲೆಕೋಸಿನ ಮೇಣ ಕರಗಿ ಮಚ್ಚೆ ಬೀಳುವುದೂ ಉಂಟು.

ಹೊಳಪಿಗೆ ಎಣ್ಣೆ ಸವರಬಹುದೇ?

ಬೇಡ. ಕೃತಕ ಹೊಳಪು ಕಂಡರೆ ಅನುಭವಿ ತೀರ್ಪುಗಾರರು ಮೂಸಿಯೇ ಪತ್ತೆ ಮಾಡುತ್ತಾರೆ.

ತೊಳೆದು, ಸಾಗಿಸಿ, ಜೋಡಿಸುವಾಗ ಏನೇನು ನೋಡಿಕೊಳ್ಳಬೇಕು?

ಕ್ಯಾರೆಟ್ಟನ್ನು ಉದ್ದಕ್ಕೆ ಉಜ್ಜಬಾರದು, ಸುತ್ತಲೂ ಅಡ್ಡಡ್ಡ ಒರೆಸಬೇಕು. ಉದ್ದನೆಯ ಗೀರು ದೂರದಿಂದಲೇ ಕಾಣುತ್ತದೆ. ಕ್ಯಾರೆಟ್, ಬೀಟ್‌ರೂಟಿನ ಸೊಪ್ಪನ್ನು ಸುಮಾರು 75 ಮಿ.ಮೀ. ಬಿಟ್ಟು ಕತ್ತರಿಸಿ ನಾರಿನಿಂದ ಕಟ್ಟುತ್ತಾರೆ. ಬೇರುತರಕಾರಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಒಣಗಿದರೆ ಜೋಲು ಬೀಳುತ್ತವೆ. ಟೊಮೇಟೊ ಜೊತೆ ಸೌತೆಕಾಯಿ ಒಂದೇ ಪೆಟ್ಟಿಗೆಯಲ್ಲಿ ಬೇಡ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೌತೆ ಹಳದಿಯಾಗುತ್ತದೆ. ನಾನಿದನ್ನು ಪುಸ್ತಕದಿಂದ ಕಲಿಯಲಿಲ್ಲ, ಪೆಟ್ಟಿಗೆ ತೆರೆದಾಗ ಕಲಿತೆ.

ಯಾವಾಗಲೂ ಒಂದೆರಡು ಹೆಚ್ಚುವರಿ ಒಯ್ಯಿರಿ. ಕತ್ತರಿ, ನಾರು, ಒರೆಸುವ ಬಟ್ಟೆ, ಪೆನ್ನು, ನಿಯಮಪಟ್ಟಿಯ ಪ್ರತಿ ಜೊತೆಯಲ್ಲಿರಲಿ. ಜೋಡಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಮತ್ತೆ ಎಣಿಸಿ. ತಳಿಯ ಹೆಸರು ಬರೆಯಿರಿ; ಕಡ್ಡಾಯವಿಲ್ಲದಿದ್ದರೂ ನೋಡಲು ಬಂದವರಿಗೆ ಉಪಯೋಗ. ಪಕ್ಕದವರ ತಟ್ಟೆಯನ್ನು ಮುಟ್ಟಬೇಡಿ, ಬೀಳುವಂತಿದ್ದರೂ ಅಲ್ಲಿರುವ ಉಸ್ತುವಾರಿಯನ್ನೇ ಕರೆಯಿರಿ.

ಮಾರುಕಟ್ಟೆಯಿಂದ ತಂದು ಇಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಬಹಳ ಸಲ ಗೊತ್ತಾಗುತ್ತದೆ. ಸಾಗಣೆಗೆಂದು ಕಾಯಾಗಿರುವಾಗಲೇ ಕೊಯ್ದ ಹಣ್ಣಿನ ಎಸಳು, ಯಂತ್ರದಲ್ಲಿ ತೊಳೆದ ಕ್ಯಾರೆಟ್ಟಿನ ಚರ್ಮ ಎಲ್ಲವೂ ಸುಳಿವು ಕೊಡುತ್ತವೆ. ಕೆಲವು ಕಡೆ ಸಂಶಯ ಬಂದರೆ ತೋಟಕ್ಕೇ ಬಂದು ನೋಡುವ ಹಕ್ಕನ್ನು ನಿಯಮದಲ್ಲಿ ಬರೆದಿರುತ್ತಾರೆ.

ದೈತ್ಯ ತರಕಾರಿಗಳ ಸ್ಪರ್ಧೆಗೂ ಇದೇ ನಿಯಮವೇ?

ಅದು ಬೇರೆಯೇ ಲೋಕ. ಅಲ್ಲಿ ತಕ್ಕಡಿಯೇ ತೀರ್ಪುಗಾರ, ಅಂದಚಂದ ಯಾರೂ ಕೇಳುವುದಿಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ ತೂಗಿದ ಕುಂಬಳ ಸುಮಾರು 1,247 ಕಿಲೋ ಬಂದು ಆಗಿನ ವಿಶ್ವದಾಖಲೆಯಾಯಿತು. 2012ರಲ್ಲಿ ಅಲಾಸ್ಕದ ಒಂದು ಎಲೆಕೋಸು 62.71 ಕಿಲೋ ತೂಗಿತು. ಅಲ್ಲಿನ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಕಡಿಮೆ, ಎಲೆ ತಿನ್ನುತ್ತಲೇ ಇರುತ್ತದೆ. 2016ರಲ್ಲಿ ಬ್ರಿಟನ್ನಿನಲ್ಲಿ ಅಳೆದ ಕ್ಯಾರೆಟ್ ಒಂದು 6.245 ಮೀಟರ್ ಉದ್ದವಿತ್ತು. ಅದರಲ್ಲಿ ಬಹುಭಾಗ ಕೊಳವೆಯೊಳಗೆ ಇಳಿದ ದಾರದಂಥ ಬೇರು ಎನ್ನಿ.

ಕುಂಬಳದವರು ಅಟ್ಲಾಂಟಿಕ್ ಜೈಂಟ್ ಎಂಬ ತಳಿಯ ವಂಶಾವಳಿಯನ್ನು ಕುದುರೆಗಳ ಹಾಗೆ ಬರೆದಿಡುತ್ತಾರೆ. ಬಳ್ಳಿಗೆ ಒಂದೇ ಕಾಯಿ ಉಳಿಸಿ ಉಳಿದದ್ದೆಲ್ಲ ಚಿವುಟುತ್ತಾರೆ. ಬೆಳವಣಿಗೆಯ ತುದಿಯಲ್ಲಿ ಅದು ದಿನಕ್ಕೆ 20 ಕಿಲೋಗೂ ಮೀರಿ ಹಿಗ್ಗಬಲ್ಲದು. ಒಳಗಿನವರೆಗೆ ಸೀಳು ಬಿಟ್ಟರೆ ಅನರ್ಹ, ಅದೊಂದೇ ಭಯ.

ಇಂಗ್ಲೆಂಡಿನ ಈಶಾನ್ಯದ ಗಣಿ ಊರುಗಳ ಪಾಟ್ ಲೀಕ್ ಸ್ಪರ್ಧೆ ಗುಣಮಟ್ಟದ ಸ್ಪರ್ಧೆಗೂ ದೈತ್ಯರ ಸ್ಪರ್ಧೆಗೂ ನಡುವಿನದು. ಈರುಳ್ಳಿಯ ಜಾತಿಯ ಈ ಗಿಡದ ಬಿಳಿ ಕಾಂಡ ಗಿಡ್ಡಗೆ ದಪ್ಪಗಿದ್ದು, ಎಲೆ ಕವಲೊಡೆಯುವ ಜಾಗದವರೆಗೆ 150 ಮಿ.ಮೀ. ಮೀರಬಾರದು, ಆ ಮಿತಿಯೊಳಗೆ ಎಷ್ಟು ಗಾತ್ರ ತುಂಬಿದೆ ಎಂದು ಅಳೆಯುತ್ತಾರೆ. ಪ್ರದರ್ಶನದ ಹಿಂದಿನ ರಾತ್ರಿಗಳಲ್ಲಿ ಎದುರಾಳಿಗಳು ಬಂದು ಕತ್ತರಿಸಿಹೋಗದಂತೆ ಬೆಳೆಗಾರರು ತೋಟದಲ್ಲೇ ಕಾವಲು ಮಲಗುತ್ತಿದ್ದ ಕತೆಗಳು ಅಲ್ಲಿ ಬೇಕಾದಷ್ಟಿವೆ.

ತೀರ್ಪು ಸರಿಯಿಲ್ಲ ಅನ್ನಿಸಿದರೆ?

ದೂರು ಲಿಖಿತವಾಗಿ, ನಿಯಮದಲ್ಲಿ ಹೇಳಿದ ಸಮಯದೊಳಗೆ ಕೊಡಬೇಕು. ಕೆಲವು ಕಡೆ ಠೇವಣಿ ಇರುತ್ತದೆ, ದೂರು ಹುರುಳಿಲ್ಲದ್ದೆಂದರೆ ಅದು ಹೋಗುತ್ತದೆ. ಎಣಿಕೆ, ಅಳತೆಯ ವಿಷಯಕ್ಕೆ ದೂರು ಕೊಡಬಹುದು. "ನನ್ನದು ಚೆನ್ನಾಗಿತ್ತು" ಎಂಬುದಕ್ಕೆ ಕೊಡಬೇಡಿ. ಅದರ ಬದಲು ತೀರ್ಪುಗಾರರು ಬಿಡುವಾಗಿ ಸಿಕ್ಕಾಗ "ಎಲ್ಲಿ ತಪ್ಪಿತು?" ಎಂದು ಕೇಳಿ ನೋಡಿ. ನನಗೆ ಸಿಕ್ಕ ಒಳ್ಳೆಯ ಪಾಠಗಳೆಲ್ಲ ಹಾಗೆ ಕೇಳಿ ಸಿಕ್ಕವು, ಅದೂ ಸೋತ ದಿನ.

ಪ್ರದರ್ಶನ ಮುಗಿದ ಮೇಲೆ ಆ ತರಕಾರಿ ತಿನ್ನಬಹುದೇ?

ಬಹುಪಾಲು ತಿನ್ನಬಹುದು. ಪೌಡರ್ ಸವರಿದ ಈರುಳ್ಳಿಯ ಎರಡು ಪದರ ತೆಗೆದುಬಿಡಿ. ದಿನವಿಡೀ ದೀಪದ ಕೆಳಗಿದ್ದು ಹಸಿರಾದ ಆಲೂಗಡ್ಡೆ ಬೇಡ, ಅದರಲ್ಲಿ ಸೊಲನಿನ್ ಎಂಬ ವಿಷದಂಶ ಹೆಚ್ಚಿರುತ್ತದೆ. ತೂಕಕ್ಕೆಂದು ಬೆಳೆಸಿದ ದೈತ್ಯ ಕುಂಬಳದಲ್ಲಿ ನೀರೇ ಹೆಚ್ಚು, ರುಚಿ ಇಲ್ಲ. ಬೀಜ ಮಾತ್ರ ತೆಗೆದು, ಒಣಗಿಸಿ, ವಂಶದ ಹೆಸರು ಬರೆದು ಇಟ್ಟುಕೊಳ್ಳಿ. ಟೊಮೇಟೊ ಅಂದೇ ರಾತ್ರಿ ಸಾರಿಗೆ ಹಾಕಿ. ನನ್ನ ಆ ಆರೂ ಅಲ್ಲಿಗೇ ಹೋದವು.